ನನ್ನ ಗಂಡನ ಕಿಸೆಯ ಡಬ್ಬಿ

ನನ್ನ ಗಂಡ ಫೋನು ಬಿಟ್ಟಾಗ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ನಾನೇ. ಉಣ್ಣಲು ಕೂತರೆ ಫೋನು, ಮಲಗಿದರೆ ಫೋನು. ರಾಮಥಾಳದ ಕಡೆಯ ಹೊಲಗಳಲ್ಲಿ ನೀರಿನ ಮೋಟರು, ಪೈಪು ರಿಪೇರಿ ಮಾಡುವುದು ಅವರ ಕೆಲಸ. ಅಲ್ಲಿ ಯಾರದೋ ಮೋಟರು ಕೆಮ್ಮಿದರೆ ಇಲ್ಲಿ ಕಮತಗಿಯಲ್ಲಿ ನಮ್ಮ ರೊಟ್ಟಿ ತಣ್ಣಗಾಗುತ್ತಿತ್ತು. ಅವರಿಗೋ ಸಿಟ್ಟು ಮೂಗಿನ ತುದಿಯಲ್ಲೇ. ಒಂದು ದಿನ ಬಾಗಲಕೋಟೆಗೆ ಹೋದವರು ಫೋನನ್ನು ಅಲ್ಲೇ ಕೊಟ್ಟು, ಸಾಬೂನಿನಷ್ಟು ದೊಡ್ಡ ಒಂದು ಕರಿ ಡಬ್ಬಿ, ಜೊತೆಗೆ ಅಂಗೈ ಅಗಲದ ಒಂದು ಟ್ಯಾಬು ತಂದರು. ಸಿಮ್ಮು ಡಬ್ಬಿಯೊಳಗೆ. ಡಬ್ಬಿಯಿಂದ ಟ್ಯಾಬಿಗೆ ಇಂಟರ್ನೆಟ್ಟು. ಕರೆ ಮಾತ್ರ ಬರುವುದಿಲ್ಲ.

"ಇನ್ನ ಯಾರಿಗೇನ್ ಬೇಕೋ ಬರದ್ ಕಳಸ್ಲಿ. ಪುರುಸೊತ್ತಾದಾಗ ನೋಡ್ತೇನಿ," ಅಂದರು.

"ಇಂಟರ್ನೆಟ್ಟಿನ ಮ್ಯಾಲೂ ಫೋನ್ ಮಾಡಬಹುದಲ್ರಿ?" ಎಂದು ನಾನು ಕಾಡಿಸಿದೆ. ಮರುದಿನವೇ ಯಾರಿಂದಲೋ ಅದನ್ನೂ ಬಂದ್ ಮಾಡಿಸಿಕೊಂಡು ಬಂದರು. ಅಂಥ ಹಟ!

ನನಗಾಗ ತುಂಬಿದ ಬಸುರು, ಎರಡನೆಯದು. ಮೊದಲನೆಯದು ಬಾದಾಮಿಯಲ್ಲಿ, ತವರಿನಲ್ಲಿ. ಆಗ ಕೊನೆಗೆ ಹೊಟ್ಟೆ ಕೊಯ್ದು ಕೂಸನ್ನು ತೆಗೆದಿದ್ದರು; ಆ ಕೂಸು ಈಗ ಅಲ್ಲೇ ನನ್ನ ಅವ್ವನ ಹತ್ತಿರ ಇತ್ತು. ಹಾಗಾಗಿ ಈ ಸಲ ಬಾಗಲಕೋಟೆಯ ಡಾಕ್ಟರಮ್ಮ ಗಂಡ-ಹೆಂಡಿರಿಬ್ಬರನ್ನೂ ಕೂಡಿಸಿಕೊಂಡು ಹೇಳಿದ್ದರು: "ಆಪರೇಶನ್ನಿಗೆ ದಿನಾ ಗೊತ್ತು ಮಾಡೇವಿ, ಖರೆ. ಅದಕಿಂತ ಮೊದಲ ಬ್ಯಾನಿ ಬಂದ್ರ ಒಂದ್ ಗಳಿಗಿನೂ ಮನ್ಯಾಗ ಕುಂಡ್ರಬ್ಯಾಡ್ರಿ. ಒಳಗ ಹಳೇ ಹೊಲಿಗಿ ಬಿಚ್ಚಿದ್ರ ತಾಯಿ-ಕೂಸು ಇಬ್ಬರೂ ಕೈಬಿಟ್ಟು ಹೋಗ್ತಾರ." ಇವರು ತಲೆಯಾಡಿಸಿದ್ದರು. ಇವರು ಕೆಲಸಕ್ಕೆ ಒಯ್ಯುವ ವ್ಯಾನು ಇತ್ತು, ಬಾಗಲಕೋಟೆಯೇನು ದೂರವಲ್ಲ. ಅಂಜುವುದು ಯಾತಕ್ಕೆ?

ಹೆರಿಗೆಯ ಬ್ಯಾನಿ ಮೊದಲೇ ಬಂತು. ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದೆ, ಸೊಂಟ ಹಿಡಿದುಕೊಂಡಿತು. ನನ್ನ ಮುಖ ನೋಡಿದ ಅತ್ತೆ ಮೊದಲು ಮಾಡಿದ ಕೆಲಸವೆಂದರೆ ಮುಂಬಾಗಿಲಿಗೆ ಚಿಲಕ ಹಾಕಿದ್ದು.

ನಮ್ಮ ಮನೆತನದಲ್ಲಿ ಬ್ಯಾನಿಯ ಸುದ್ದಿ ಹೊಸ್ತಿಲು ದಾಟಬಾರದು. ಎಷ್ಟು ಕಿವಿಗೆ ಬೀಳುತ್ತದೋ ಅಷ್ಟು ಬ್ಯಾನಿ ಬೆಳೆಯುತ್ತದೆ, ಕೂಸು ಒಳಗೇ ನಿಲ್ಲುತ್ತದೆ ಅಂತ ನಂಬಿಕೆ. ನಗಬೇಡಿ. ನಾನೂ ಕಾಲೇಜು ಕಲಿತವಳು, ಆದರೂ ಬಾದಾಮಿಯ ನೆನಪು ಹಸಿಯಾಗಿತ್ತು. ಅಲ್ಲಿ ಸುದ್ದಿ ಓಣಿ ತುಂಬ ಹರಡಿ, ಒಬ್ಬೊಬ್ಬರೇ ಬಂದು ಬಾಗಿಲಲ್ಲಿ ಇಣುಕಿ, ಕೊನೆಗೆ ಕತ್ತರಿಗೇ ಹೋಗಿತ್ತು. ಒಳಗೊಳಗೇ ನನಗೂ ಭಯವಿತ್ತು.

"ಅವನಿಗಷ್ಟ ತಿಳಸು, ಯವ್ವಾ," ಅಂದರು ಅತ್ತೆ. "ಆದ್ರ ಬ್ಯಾನಿ ಅಂತ ಬರೀಬ್ಯಾಡ. ಅವನ ಡಬ್ಬಿ ಸುತ್ತ ಊರ ಮಂದಿ ಕುಂತಿರ್ತಾರ. ಬಾಯಿ ಬಿಟ್ರ ಬಣ್ಣಗೇಡು."

ಅದೂ ಸುಳ್ಳಲ್ಲ. ರಾಮಥಾಳದ ಚಹಾದಂಗಡಿಯಲ್ಲಿ ಇವರು ಡಬ್ಬಿ ಚಾಲೂ ಮಾಡಿದರೆ ಸುತ್ತ ಕೂತವರಿಗೆಲ್ಲ ಪುಕ್ಕಟೆ ಇಂಟರ್ನೆಟ್ಟು. ಟ್ಯಾಬನ್ನೂ ಕೇಳಿದವರ ಕೈಗೆ ಕೊಟ್ಟುಬಿಡುವ ದೊಡ್ಡ ಮನುಷ್ಯ.

ನನ್ನ ಫೋನಿನಿಂದ "ಲಗೂ ಬಂದು ಹೋಗ್ರಿ" ಎಂದಷ್ಟೇ ಬರೆದೆ. ಅದೇ ಮಾತನ್ನು ಫೋನಿನಲ್ಲಿ ಅಂದಿದ್ದರೆ ನನ್ನ ಉಸಿರು ಕೇಳಿಯೇ ಅವರು ವ್ಯಾನು ಹತ್ತುತ್ತಿದ್ದರು. ಅಕ್ಷರಕ್ಕೆ ಉಸಿರೆಲ್ಲಿದೆ? ಗ್ಯಾಸು ತೀರಿದಾಗಲೂ ನಾನು ಹಾಗೆಯೇ ಬರೆಯುತ್ತಿದ್ದೆ.

ಉತ್ತರ ಬಂತು, ಮೇಲೆತ್ತಿದ ಹೆಬ್ಬೆರಳಿನ ಚಿತ್ರ. "ಬರ್ತಾರಂತ್ರಿ," ಅಂದೆ. ಅತ್ತೆ ಕೈಮುಗಿದರು. ನಾವಿಬ್ಬರೂ ಆ ಬೆರಳನ್ನು ನಂಬಿ ಕೂತೆವು.

ಬಿಸಿಲು ಕಟ್ಟೆಯಿಂದ ಇಳಿಯಿತು. ಬ್ಯಾನಿ ಒಂದರ ಬೆನ್ನಿಗೊಂದು ಬರತೊಡಗಿತು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದೆ, ಗೋಡೆಯಾಚೆಯ ಮನೆಗೆ ಕೇಳಬಾರದಲ್ಲ! ಈ ಸಲ ಎಲ್ಲ ಬಿಟ್ಟು "ಬ್ಯಾನಿ ಬಂದಾವ" ಎಂದೇ ಬರೆದೆ. ಅದು ತಲುಪಲೇ ಇಲ್ಲ. ಚಾರ್ಜು ಉಳಿಸಲೆಂದು ಡಬ್ಬಿ ಬಂದ್ ಮಾಡಿದ್ದರಂತೆ. ಬುದ್ಧಿಗೆ ಮಂಕು ಕವಿದು ಅವರ ನಂಬರಿಗೇ ಕರೆ ಮಾಡಿದೆ. ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದು ಹೇಳುವ ಆ ಹೆಣ್ಣಿನ ಧ್ವನಿ ಎಷ್ಟು ತಣ್ಣಗಿತ್ತೆಂದರೆ, ಎದುರಿಗಿದ್ದರೆ ಕಪಾಳಕ್ಕೆ ಬಾರಿಸುತ್ತಿದ್ದೆ.

"ಅತ್ತೀ, ಆಂಬುಲೆನ್ಸ್ ಕರೀತೇನ್ರಿ."

"ಅದು ಒದರಕೋಂತ ಬಂದ್ರ ಇಡೀ ಓಣಿ ಬಾಗಲಕ್ಕ ನಿಲ್ತದ. ಅವ ಬರ್ತೇನಿ ಅಂದಾನಲ್ಲ, ತಡಿ ನನ್ನವ್ವ, ಇನ್ನೊಂಚೂರು ತಡಿ."

ಅವರ ಮೇಲೆ ಈಗ ಸಿಟ್ಟಿಲ್ಲ. ಅವರೂ ನನ್ನ ಬೆನ್ನು ತಿಕ್ಕುತ್ತ ವ್ಯಾನಿನ ಸಪ್ಪಳಕ್ಕೇ ಕಿವಿಗೊಟ್ಟಿದ್ದರು. ಆಮೇಲೆ ಒಳಗೆಲ್ಲೋ ಹಳೆಯ ಬಟ್ಟೆ ಹರಿದಂತಾಯಿತು. ಬ್ಯಾನಿ ನಿಂತುಬಿಟ್ಟಿತು. ಒಮ್ಮೆಲೇ, ಪೂರ್ತಿ.

ಹುಚ್ಚಿ ನಾನು, ಹಗುರಾಯಿತು ಎಂದುಕೊಂಡೆ. "ಕಡಿಮಿ ಆತ್ರಿ ಅತ್ತಿ," ಅಂದೆ, ನಗುತ್ತ ಅಂದೆ ಅನಿಸುತ್ತದೆ. ಅತ್ತೆ ನಗಲಿಲ್ಲ. ಅವರು ನೆಲ ನೋಡುತ್ತಿದ್ದರು. ನಾನೂ ನೋಡಿದೆ. ನನ್ನ ಸೀರೆಯಿಂದ ನೆತ್ತರು ಹೊರಟು ಒಲೆಯ ಕಡೆಗೆ ಹರಿಯುತ್ತಿತ್ತು.

ಜೀವನದಲ್ಲಿ ಎಂದೂ ತಲೆಯ ಸೆರಗು ಸರಿಯಗೊಡದ ಹೆಂಗಸು ಬರಿದಲೆಯಲ್ಲಿ ಎದ್ದು, ತಾನೇ ಹಾಕಿದ ಚಿಲಕ ತೆಗೆದು, ಓಣಿಯ ನಡುವೆ ನಿಂತು ಎದೆ ಬಡಿದುಕೊಂಡಳು: "ನನ್ನ ಸೊಸಿಗೆ ಬ್ಯಾನಿ ಬಂದಾವ! ಯಾರರೆ ಬರ್ರೆಪ್ಪೋ!"

ಊರೆಲ್ಲ ಕೇಳಿತು. ಊರೆಲ್ಲ ಓಡಿಬಂತು. ಯಾರೋ ಆಂಬುಲೆನ್ಸ್ ಕರೆಸಿದರು, ಯಾರೋ ನನ್ನನ್ನು ಎತ್ತಿ ಮಲಗಿಸಿದರು. ದಾರಿಯುದ್ದಕ್ಕೂ ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಒಂದು ಒದೆತಕ್ಕಾಗಿ ಕಾದೆ. ಬರಲಿಲ್ಲ.

ಬಾಗಲಕೋಟೆಯಲ್ಲಿ ನನ್ನನ್ನು ಉಳಿಸಿದರು. ಕೂಸು ಉಳಿಯಲಿಲ್ಲ. ಗಂಡು. ತಲೆ ತುಂಬ ಕೂದಲಿತ್ತು ಎಂದು ಅತ್ತೆ ಹೇಳಿದರು. ನನಗೆ ನೋಡಲಾಗಲಿಲ್ಲ.

ಇವರು ರಾತ್ರಿ ಬಂದರು, ಮನೆಗೆ ಹೋಗಿ ಓಣಿಯವರಿಂದ ಸುದ್ದಿ ಕೇಳಿ. ಇನ್ನೊಂದೇ ಮೋಟರು ಮುಗಿಸಿ ಹೊರಟರಾಯಿತೆಂದು ಹೊಲದಲ್ಲೇ ಉಳಿದಿದ್ದರಂತೆ. ಕೈಗೆ ಹತ್ತಿದ ಗ್ರೀಸು ಇನ್ನೂ ಹಾಗೇ ಇತ್ತು. ಮಂಚದ ಕಾಲ್ಬದಿಗೆ ನಿಂತು ಕೂಸಿನ ಹಾಗೆ ಬಿಕ್ಕಿದರು.

"ನನಗೊಂದ್ ಫೋನ್ ಮಾಡಬಾರದಿತ್ತೇನ?"

ನಾನು ಅವರ ಮುಖವನ್ನೇ ನೋಡಿದೆ.

"ಎಲ್ಲಿಗ್ ಮಾಡ್ಲಿ, ಹೇಳ್ರಿ," ಅಂದೆ.