ಅರ್ಧ ಉಂಡೆ ಹುಣಸೆಹಣ್ಣು

ವೆಸ್ಟ್ ಮಾಂಬಲಂ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ, ಮೂರನೇ ಮಹಡಿಯ ತಾರಸಿಯ ಮೇಲೆ, ಹದಿನೆಂಟು ಎಣ್ಣೆ ಡಬ್ಬಗಳಲ್ಲಿ ಕೆಸುವು ಬೆಳೆಸಿದವಳು ಸುಗುಣಾ. ಮದರಾಸಿನವರು ಕೆಸುವಿನ ಗೆಡ್ಡೆ ತಿನ್ನುತ್ತಾರೆಯೇ ಹೊರತು ಅದರ ಎಲೆಯನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಇವಳಿಗೋ, ಕುಂದಾಪುರದ ಕಡೆಯಿಂದ ಗಂಡನ ಹಿಂದೆ ಬಂದು ಇಪ್ಪತ್ತೆರಡು ವರ್ಷವಾದರೂ, ಆಷಾಢದಲ್ಲಿ ಒಂದು ಸಲ ಆ ಎಲೆಯ ಪತ್ರೊಡೆ ಆಗದಿದ್ದರೆ ಮಳೆಗಾಲವೇ ಬಂದ ಹಾಗಲ್ಲ. ಮಾರುಕಟ್ಟೆಯಿಂದ ಗೆಡ್ಡೆ ತಂದಳು, ಊರಿದಳು, ಎಲೆ ಬಂತು. ಊರಿನ ಎಲೆಯಷ್ಟು ಸಾಧು ಅಲ್ಲ, ಸ್ವಲ್ಪ ಮೊಂಡು ಎಲೆ. ಆದರೆ ಆ ಸಂಗತಿಯನ್ನು ಅವಳು ಯಾರ ಹತ್ತಿರವೂ ಆಡಿದವಳಲ್ಲ.

ಆಡದಿರುವುದಕ್ಕೆ ಕಾರಣವಿತ್ತು. ಕೆಸುವಿನ ಎಲೆ ಕೊಯ್ದ ಗಳಿಗೆಯಿಂದ ಪತ್ರೊಡೆ ತಿಂದು ಕೈ ತೊಳೆಯುವ ತನಕ ‘ತುರಿಕೆ’ ಎಂಬ ಮಾತನ್ನು ಬಾಯಲ್ಲಿ ತರಬಾರದು ಅಂತ ಅಜ್ಜಿ ಹೇಳಿಕೊಟ್ಟಿದ್ದಳು. ತಂದರೆ ಕೆಸುವು ಕೇಳಿಸಿಕೊಳ್ಳುತ್ತದೆಯಂತೆ, ತಿಂದವರ ಗಂಟಲು ಹಿಡಿಯುತ್ತದೆಯಂತೆ. ಹುಣಸೆಹಣ್ಣು ಧಾರಾಳ ಹಾಕು, ಬಾಯಿ ಮುಚ್ಚಿಕೊಂಡಿರು. ಅಜ್ಜಿಯ ಪಾಠ ಅಷ್ಟೇ.

ಎರಡು ಸಾವಿರದ ಎರಡನೇ ಇಸವಿಯ ಆಷಾಢದಲ್ಲಿ ನಿಶಾಂತ್ ಅವಳ ಮನೆಬಾಗಿಲಿಗೆ ಬಂದ. ಮೈಸೂರು ಕಡೆಯ ಹುಡುಗ, ಚಿತ್ರ ಬರೆಯುವವನು. ಅವನೂ ಅವನ ಗೆಳೆಯರೂ ಸೇರಿ ರಾಯಪುರಂನಲ್ಲಿ, ಬಂದರಿನ ಹತ್ತಿರದ ಹಳೇ ಹಗ್ಗದ ಗೋದಾಮಿನಲ್ಲಿ, ‘ಎರಡು ಒಲೆ’ ಅಂತ ಒಂದು ಕೆಲಸ ಹೂಡಿದ್ದರು. ಊರಿನ ಎರಡು ಮೂಲೆಗಳಿಂದ ಇಬ್ಬರು ಹೆಂಗಸರು ಬರಬೇಕು, ಅಕ್ಕಪಕ್ಕ ಒಲೆ ಹೂಡಿ ತಂತಮ್ಮ ಅಡುಗೆ ಮಾಡಬೇಕು, ಒಬ್ಬರದ್ದನ್ನು ಇನ್ನೊಬ್ಬರು ಮೊದಲು ರುಚಿ ನೋಡಬೇಕು. ಆಮೇಲೆ ಬಂದವರಿಗೆಲ್ಲ ಊಟ, ಹಾಡು, ಕತೆ.

“ಆಂಟಿ, ಆ ಕಡೆಯಿಂದ ದೇಸಮ್ಮ ಅಂತ ಬರ್ತಾರೆ, ಮೀನುಗಾರರ ಕೇರಿಯವರು. ಅವರು ಆಡಿ ತಿಂಗಳ ರಾಗಿ ಕೂಳು, ಅಂದ್ರೆ ನಮ್ಮ ಅಂಬಲಿ, ಜೊತೆಗೆ ಒಣಮೀನಿನ ಸಾರು ಮಾಡ್ತಾರೆ. ನೀವು ಪತ್ರೊಡೆ ಮಾಡಿ. ಎರಡೂ ಒಂದೇ ತಿಂಗಳ ಊಟ ನೋಡಿ!”

ಹೋಟೆಲಿನಲ್ಲಿ ಸಾಂಬಾರಿನ ಕೊಪ್ಪರಿಗೆ ಕಾಯುವ ಗಂಡ ಸುಬ್ರಾಯನಿಗೆ ಇದು ಹಿಡಿಸಲಿಲ್ಲ.

“ಒಣಮೀನ್ ಬೇಯು ಒಲೆ ಬದಿಯಂಗೆ ಪತ್ರೊಡೆಯಾ? ನಿಂಗೆ ಮಂಡೆ ಸಮ ಇತ್ತಾ?”

“ಒಲೆ ಬೇರೆ, ಪಾತ್ರೆ ಬೇರೆ. ಬೆಂಕಿಗೆ ಎಂತ ಜಾತಿ ಇತ್ತ್, ಹೇಳಿ ಕಾಂಬ?” ಅಂದಳು ಸುಗುಣಾ. ಎಲೆ ಕೊಯ್ದು ಒದ್ದೆ ಬಟ್ಟೆಯಲ್ಲಿ ಸುತ್ತಿ ಹೊರಟೇಬಿಟ್ಟಳು.

ಗೋದಾಮಿನಲ್ಲಿ ದೇಸಮ್ಮ ಅವಳಿಗಿಂತ ಮೊದಲೇ ಬಂದು ಕೂಳು ಕಾಯಿಸುತ್ತಿದ್ದಳು. ಬಂದರಿನ ಹರಾಜಿನಲ್ಲಿ ಮೀನು ಕೂಗಿ ಕೂಗಿ ಗಟ್ಟಿಯಾದ ದನಿ. ಆ ಸಂಜೆ ಅವಳು ಹಾಡುವವಳಿದ್ದಳು. ಹುಟ್ಟು ಹಾಕುವಾಗ ಹಾಡುವ ದೋಣಿಯ ಹಾಡು ಗಂಡಸರ ಸೊತ್ತು. ಮಗಳೊಬ್ಬಳೇ ಪೂರ್ತಿ ಕಲಿತವಳು ಅಂತ ಅಪ್ಪ ಸಾಯುವಾಗ ಹೇಳಿಹೋಗಿದ್ದರೂ ಕೇರಿ ಅವಳಿಗೆ ಬಾಯಿ ಬಿಡಲು ಬಿಟ್ಟಿರಲಿಲ್ಲ. ಈ ಒಂದೇ ಒಂದು ಸಂಜೆಗೆ ಅವಳ ದೊಡ್ಡಣ್ಣ ಒಲ್ಲದ ಮನಸ್ಸಿನಿಂದ ಹೂಂ ಅಂದಿದ್ದ.

“ಐದು ಗಂಟೆಗೆ ಹಾಡೋದು ಅಕ್ಕಾ. ತಪ್ಪಿದರೆ ಇನ್ನು ಈ ಜನ್ಮಕ್ಕಿಲ್ಲ,” ಎಂದು ತಮಿಳಿನಲ್ಲಿ ಹೇಳಿ ನಕ್ಕಳು. ನಗುವಾಗಲೂ ಕೈ ಎದೆಯ ಮೇಲಿತ್ತು.

ಸುಗುಣಾ ನೆನೆಸಿದ ಅಕ್ಕಿ, ಕೊತ್ತಂಬರಿ, ಮೆಣಸು, ಬೆಲ್ಲ, ತೆಂಗಿನತುರಿ ಎಲ್ಲ ರುಬ್ಬುವ ಕಲ್ಲಿನ ಹತ್ತಿರ ಜೋಡಿಸಿದಳು. ಕೊನೆಗೆ ತೆಂಗಿನಕಾಯಿ ಗಾತ್ರದ ಹುಣಸೆಹಣ್ಣಿನ ಉಂಡೆ ಇಟ್ಟಳು.

“ನಾನು ರುಬ್ತೀನಿ, ನೀನು ಎಲೆ ತೊಳಿ,” ಅಂದಳು ದೇಸಮ್ಮ.

“ಇದಿಷ್ಟೂ ಹಾಕಬೇಕು, ಏನೂ ಬಿಡಬೇಡ,” ಎಂದು ಸುಗುಣಾ ಹುಣಸೆಯನ್ನು ತೋರಿಸಿದಳು. ಯಾಕೆ ಅಂತ ಹೇಳಬೇಕಿತ್ತು. ಆದರೆ ಎಲೆಗಳು ಅಲ್ಲೇ ಇದ್ದವು, ಕೇಳಿಸಿಕೊಳ್ಳುತ್ತಿದ್ದವು. ಹೇಳಲಿಲ್ಲ. ಬೋರಿನ ಹತ್ತಿರ ಹೋದಳು.

ಹಿಟ್ಟು ಯಾಕೋ ಬೆಳ್ಳಗಿದೆ ಅಂತ ಎಲೆಗೆ ಸವರುವಾಗ ಅನ್ನಿಸಿತು. ಈ ಊರಿನ ಹುಣಸೆಯ ಬಣ್ಣವೇ ಹೀಗೆ ಇರಬೇಕು ಅಂದುಕೊಂಡಳು. ನೈವೇದ್ಯಕ್ಕೆ ಮೊದಲು ರುಚಿ ನೋಡುವ ಪದ್ಧತಿ ಅವಳಲ್ಲಿ ಇರಲಿಲ್ಲ. ಎಲೆಯ ಮೇಲೆ ಎಲೆ ಇಟ್ಟು, ಹಿಟ್ಟು ಸವರಿ, ಸುರುಳಿ ಸುತ್ತಿ, ಹಬೆಯಲ್ಲಿಟ್ಟಳು.

ಮೂರೂವರೆಗೆ ಪತ್ರೊಡೆ ಇಳಿಯಿತು. ಒಂದು ತುಂಡು ಗೋದಾಮಿನ ಗೋಡೆಯಲ್ಲಿದ್ದ ಅಮ್ಮನವರ ಪಟದ ಮುಂದೆ ಇಟ್ಟು ಕೈ ಮುಗಿದು, ಎರಡು ತುಂಡು ದೇಸಮ್ಮನಿಗೆ ಕೊಟ್ಟಳು. ದೇಸಮ್ಮ ಅದನ್ನು ಬಾಯಿ ತುಂಬ ತಿಂದಳು. “ಸೂಪರ್ ಅಕ್ಕಾ!” ಅಂದಳು. ಆಮೇಲೆ ಸುಗುಣಾ ರಾಗಿ ಕೂಳನ್ನು ಈರುಳ್ಳಿ ಕಚ್ಚಿಕೊಂಡು ಕುಡಿದಳು. ಲೋಟ ಕೆಳಗಿಡುವಷ್ಟರಲ್ಲಿ ದೇಸಮ್ಮನ ಕೈ ಗಂಟಲಿನ ಮೇಲಿತ್ತು.

ಒಮ್ಮೆ ಕೆಮ್ಮಿದಳು. ಮತ್ತೊಮ್ಮೆ ಕೆಮ್ಮಿದಳು. ನೀರು ಕುಡಿದಳು. “ಅಕ್ಕಾ,” ಅಂದಾಗ ದನಿ ಒಡೆದ ಮಡಕೆಯಂತಿತ್ತು.

ಸುಗುಣಾ ಒಂದು ಚೂರು ಬಾಯಿಗಿಟ್ಟಳು. ಮೊದಲು ಬೆಲ್ಲದ ಸಿಹಿ. ಹಿಂದೆಯೇ ನಾಲಗೆಯ ಬುಡದಲ್ಲಿ ಸೂಜಿಗಳು ಎದ್ದವು.

“ಹುಣಸೆ ಪೂರ್ತಿ ಹಾಕಿದ್ಯಾ?”

“ಅಷ್ಟೊಂದಾ? ಅರ್ಧ ಹಾಕಿದೆ. ಪೂರ್ತಿ ಹಾಕಿದ್ದರೆ ನಿನ್ನ ಪದಾರ್ಥ ಕೆಟ್ಟೇಹೋಗ್ತಿತ್ತು. ಉಳಿದದ್ದು ನನ್ನ ಒಣಮೀನಿನ ಕುಳಂಬಿಗೆ ಹೋಯ್ತು.” ಉಪಕಾರ ಮಾಡಿದವಳ ಮುಖ. ಮಾತಿನ ನಡುವೆ ಮತ್ತೆ ಕೆಮ್ಮು.

ಹೊರಗೆ ಬೆಂಚುಗಳು ತುಂಬಿದ್ದವು, ನಲವತ್ತು ಜನ. ನಿಶಾಂತ್ ಇಣುಕಿ, “ಆಂಟಿ, ಎಲೆ ಹಾಕ್ಸಿಬಿಡ್ಲಾ?” ಅಂದ. ಅವನ ಹಿಂದೆಯೇ ದೇಸಮ್ಮನ ದೊಡ್ಡಣ್ಣ ಒಳಗೆ ಬಂದ. ತಂಗಿಯ ಕಣ್ಣಲ್ಲಿ ನೀರು ಕಂಡಿತು.

“ಏನು ತಿಂದೆ? ಇವಳು ಕೊಟ್ಟದ್ದಾ? ನಾನು ಆವತ್ತೇ ಹೇಳಲಿಲ್ಲವಾ? ಮೀನು ಕಂಡರೆ ಮೂಗು ಮುಚ್ಚುವ ಜಾತಿ, ನಿನಗೆ ಕಾಡು ಎಲೆ ತಿನ್ನಿಸಿದೆ. ಹಾಡು ಈಗ, ಹಾಡು!”

ಸುಗುಣಾ ಸುಮ್ಮನಿರಬಹುದಿತ್ತು. ಕೂಳು ಬಿಸಿಯಿತ್ತು, ಗಂಟಲು ಸುಟ್ಟಿತು ಅನ್ನಬಹುದಿತ್ತು. ಪತ್ರೊಡೆ ಹಳಸಿತು ಅಂತ ಮುಚ್ಚಿಟ್ಟು ಮನೆಗೆ ಹೋಗಬಹುದಿತ್ತು. ಅಜ್ಜಿಯ ಬಿಗಿದ ತುಟಿ ಕಣ್ಣ ಮುಂದೆ ಬಂತು. ದೇಸಮ್ಮನ ಕೈ ಇನ್ನೂ ಗಂಟಲಲ್ಲೇ ಇತ್ತು.

“ಅರಿಕ್ಕುಂ,” ಎಂದಳು ತಮಿಳಿನಲ್ಲಿ. ಆಮೇಲೆ ಕನ್ನಡದಲ್ಲೂ, ಜೋರಾಗಿ, “ತುರಿಕೆ! ಈ ಎಲೆ ತುರಿಸ್ತದೆ. ಹುಣಸೆ ಅದಕ್ಕೇ ಬೇಕಿತ್ತು. ನನಗೆ ಗೊತ್ತಿತ್ತು. ಹೇಳಲಿಲ್ಲ.”

ದೇಸಮ್ಮ ಅವಳನ್ನು ನೋಡಿದ ನೋಟ ಸುಗುಣಾಳಿಗೆ ಗಂಟಲಿನ ಸೂಜಿಗಿಂತ ಹೆಚ್ಚು ಚುಚ್ಚಿತು.

“ಗೊತ್ತಿದ್ದೂ ಕೊಟ್ಟೆಯಾ?”

“ಹುಣಸೆ ಪೂರ್ತಿ ಬಿದ್ದಿದೆ ಅಂತ ಕೊಟ್ಟೆ. ಆ ಮಾತು ಆಡಿದರೆ ಎಲೆ ಕೇಳಿಸಿಕೊಳ್ತದೆ ಅಂತ ಅಜ್ಜಿ ಹೇಳಿದ್ದಳು. ನಂಬಿದ್ದೆ. ಈಗ ಬೈಯಬೇಡ, ಆಮೇಲೆ ಬೈ. ಹುಣಸೆ ಬೇಕು. ಬೇಗ.”

ದೇಸಮ್ಮ ಬಾಗಿಲಿಗೆ ಹೋಗಿ ಎದುರಿನ ತನ್ನ ಕೇರಿಯತ್ತ ಕೈಬೀಸಿ, ಹರಿದ ದನಿಯಲ್ಲೇ “ಪುಳಿ! ಪುಳಿ!” ಎಂದು ಕೂಗಿದಳು. ಹೆಂಗಸರು ಸೆರಗಿನಲ್ಲಿ, ಮುಷ್ಟಿಯಲ್ಲಿ, ಒಬ್ಬಳು ಮಗುವಿನ ಟೊಪ್ಪಿಯಲ್ಲಿ ಹುಣಸೆ ತಂದರು. ಕೆಲವಕ್ಕೆ ಒಣಮೀನಿನ ವಾಸನೆ ಅಂಟಿತ್ತು. ಸುಗುಣಾ ಮೂಗು ಮುಚ್ಚಲಿಲ್ಲ, ಆರಿಸಲಿಲ್ಲ, ಎಲ್ಲ ಹಿಚುಕಿದಳು. ಬೆಲ್ಲ ಸೇರಿಸಿದ ಮೊದಲ ಉಂಡೆಯನ್ನು ದೇಸಮ್ಮನ ಬಾಯಿಗೆ ಇಟ್ಟು, “ಚೀಪು, ನುಂಗಬೇಡ,” ಅಂದಳು. ಸುರುಳಿಗಳನ್ನು ತುಂಡು ಮಾಡಿ, ಗಟ್ಟಿ ಹುಣಸೆರಸದಲ್ಲಿ ಬೆಲ್ಲ ಹಾಕಿ ಕೊತಕೊತ ಕುದಿಸಿದಳು.

ಕುದಿದದ್ದನ್ನು ನಲವತ್ತು ಜನರ ಎದುರಿಗೆ ತಂದಿಟ್ಟಳು. “ಮೊದಲು ನಾನು,” ಎಂದು ಎರಡು ತುಂಡು ತಿಂದಳು. ಎಲ್ಲರ ಕಣ್ಣೂ ಅವಳ ಗಂಟಲಿನ ಮೇಲೆ. ಬಂದರಿನಲ್ಲಿ ಹಡಗೊಂದು ಕೂಗಿತು. ಐದು ನಿಮಿಷವಾಯಿತು, ಹತ್ತಾಯಿತು. ಅವಳು ಕೆಮ್ಮಲಿಲ್ಲ. ದೊಡ್ಡಣ್ಣ ಮುಂದೆ ಬಂದು ಒಂದು ತುಂಡೆತ್ತಿ ಮೂಸಿದ, ತಿಂದ, ಇನ್ನೊಂದೆತ್ತಿದ. ಆಮೇಲೆ ಉಳಿದವರ ಕೈ ಮುಂದೆ ಬಂತು.

ಐದು ದಾಟಿ ಕಾಲುಗಂಟೆ. ದೇಸಮ್ಮನ ತುರಿಕೆ ಇಳಿದಿತ್ತು, ದನಿ ಬಂದಿರಲಿಲ್ಲ. ಬಾಯಿ ತೆರೆದರೆ ಗಾಳಿ ಮಾತ್ರ. ದೊಡ್ಡಣ್ಣ ಟವೆಲು ಕೊಡವಿ ಎದ್ದ. ಆಗ ದೇಸಮ್ಮ ಸುಗುಣಾಳ ಮಣಿಕಟ್ಟು ಹಿಡಿದೆಳೆದಳು.

“ನೀನು ಕೆಡಿಸಿದ್ದು. ಹಾಡನ್ನು ನೀನೇ ಎತ್ತು,” ಎಂದು ಪಿಸುಗುಟ್ಟಿದಳು.

ಸುಗುಣಾ ಅವಳ ತುಟಿಗೆ ಕಿವಿ ಕೊಟ್ಟಳು. ಅವಳು ಉಸುರಿದ ಸಾಲನ್ನು ಕುಂದಾಪುರದ ನಾಲಗೆಯಲ್ಲಿ, ಬೆವರುತ್ತ, ಎತ್ತರಕ್ಕೆ ಎತ್ತಿದಳು. ಬೆಂಚಿನಿಂದ ನಗು ಬಂತು. ಎರಡನೇ ಸಾಲಿಗೂ ನಕ್ಕರು. ಮೂರನೆಯದಕ್ಕೆ, ಹುಟ್ಟು ಹಾಕುವವರು ಉತ್ತರ ಕೊಡಬೇಕಾದ ಜಾಗ ಬಂತು. ಆ ಜಾಗ ಖಾಲಿ ಹೋಗುವುದನ್ನು ದೋಣಿಯ ಗಂಡಸರು ಹೇಗೆ ಸಹಿಸುತ್ತಾರೆ? ಬಾಗಿಲಲ್ಲಿ ನಿಂತಿದ್ದ ದೊಡ್ಡಣ್ಣನ ಗಂಟಲಿನಿಂದ “ಏಲೇಲೋ” ತಾನಾಗಿ ಹೊರಬಿತ್ತು. ಹಿಂದೆಯೇ ಇಡೀ ಗೋದಾಮು ಕೂಗಿತು. ಅಪ್ಪ ಕಲಿಸಿದ ಹಾಡು ಕೊನೆಯ ಸಾಲಿನ ತನಕ, ಒಂದೂ ತಪ್ಪದೆ, ದೇಸಮ್ಮನ ಉಸಿರಿನಿಂದ ಸುಗುಣಾಳ ಬಾಯಿಗೆ ದಾಟಿ ಮುಗಿಯಿತು.

ಮುಂದಿನ ಆಷಾಢಕ್ಕೆ ದೇಸಮ್ಮ ಲೋಕಲ್ ರೈಲು ಹಿಡಿದು ವೆಸ್ಟ್ ಮಾಂಬಲಂಗೆ ಬಂದಳು. ಮೂರು ಮಹಡಿ ಹತ್ತಿ, ಹೊಸ್ತಿಲಲ್ಲೇ ನಿಂತು, ಸುಬ್ರಾಯ ಬೆಚ್ಚುವಂತೆ, ಹರಾಜಿನ ದನಿಯಲ್ಲಿ ಕೇಳಿದಳು:

“ಅಕ್ಕಾ, ಅರಿಕ್ಕುಮಾ?”

“ಅರಿಕ್ಕುಂ,” ಅಂದಳು ಸುಗುಣಾ ಒಳಗಿನಿಂದ, “ಬಾ, ಹುಣಸೆ ಹಿಚುಕು.”