ಒಂದೇ ಬಳ್ಳಿಗೆ ಐದು ಹೆಸರು

ಮುಳಬಾಗಿಲಿನಲ್ಲಿ ಕಂಪ್ಯೂಟರ್ ಎಂಬ್ರಾಯ್ಡರಿ ಅಂಗಡಿ ಇಟ್ಟು ನನಗೆ ಹನ್ನೆರಡು ವರ್ಷವಾಯಿತು. ಒಂದು ಮಿಷನ್ನು, ಒಂದು ಕಂಪ್ಯೂಟರ್, ನಾನು. ಮದುವೆ ಬ್ಲೌಸಿನ ಕತ್ತಿಗೆ, ತೋಳಿಗೆ, ಬೆನ್ನಿಗೆ ಬೇಕಾದ ಹೂಬಳ್ಳಿಗಳನ್ನು ನಾನೇ ಕಂಪ್ಯೂಟರಿನಲ್ಲಿ ಬಿಡಿಸುತ್ತೇನೆ. ಆ ಫೈಲನ್ನು ಪೆನ್‌ಡ್ರೈವಿನಲ್ಲಿ ಕೊಟ್ಟರೆ ಮಿಷನ್ನು ಹೊಲಿಯುತ್ತದೆ. ಕೆಲಸದಲ್ಲಿ ನನಗೆ ಒಳ್ಳೆಯ ಹೆಸರಿದೆ. ಕೋಪದಲ್ಲಿ ಇನ್ನೂ ದೊಡ್ಡ ಹೆಸರಿದೆ. ಅಳತೆ ಬ್ಲೌಸ್ ತರದೆ ಅಂದಾಜಿಗೆ ಹಾಕಿಕೊಡು ಎನ್ನುವವರನ್ನು ಮೆಟ್ಟಿಲಿನಿಂದಲೇ ವಾಪಸು ಕಳಿಸಿದವಳು ನಾನು.

ಆದರೆ ಡಿಸೈನ್ ತೋರಿಸುವ ಹೊತ್ತಿಗೆ ನನ್ನ ಬಾಯಿ ಬೆಣ್ಣೆಯಾಗುತ್ತಿತ್ತು. ಬಂದವಳನ್ನು ಹತ್ತಿರ ಕೂರಿಸಿಕೊಂಡು, ದನಿ ತಗ್ಗಿಸಿ, "ಇದು ನಿಂಗೆ ಅಂತಾನೇ ಬಿಡ್ಸಿದ್ದು ಕಣೇ, ಇನ್ಯಾರಿಗೂ ಹಾಕಲ್ಲ" ಎನ್ನುತ್ತಿದ್ದೆ. ಅಪ್ಪಟ ಸುಳ್ಳು. ಕೋಲಾರದವಳಿಗೆ ಹಾಕಿದ್ದನ್ನೇ ಶ್ರೀನಿವಾಸಪುರದವಳಿಗೆ ಹಾಕುತ್ತಿದ್ದೆ, ಅದನ್ನೇ ಲಕ್ಕೂರಿನವಳಿಗೆ. ಸಿಕ್ಕಿಬೀಳಬಾರದೆಂದು ಪ್ರತಿಯೊಬ್ಬಳ ಹೆಸರಿನಲ್ಲೂ ಆ ಫೈಲಿನ ಒಂದೊಂದು ನಕಲು ಮಾಡಿ ಇಟ್ಟಿದ್ದೆ. ಯಾರಾದರೂ ಪರದೆಗೆ ಇಣುಕಿದರೆ ಅವಳ ಹೆಸರು ಅವಳಿಗೆ ಕಾಣಬೇಕು, ಅಷ್ಟೇ. ಇದು ಮೋಸ ಎಂದು ನನಗೆ ಒಂದು ದಿನವೂ ಅನಿಸಿರಲಿಲ್ಲ. ವ್ಯಾಪಾರ ಅಂದಮೇಲೆ ನಾಲ್ಕು ಮಾತು ಇದ್ದದ್ದೇ ಎಂದುಕೊಂಡಿದ್ದೆ.

ನನ್ನ ಹಳೆಯ ಗಿರಾಕಿಗಳಲ್ಲಿ ಟೀಚರಮ್ಮ ಒಬ್ಬಳು. ಪಕ್ಕದ ಹಳ್ಳಿಯಲ್ಲಿ ಅಂಗನವಾಡಿ ನಡೆಸುತ್ತಾಳೆ, ಹಾಗಾಗಿ ಎಲ್ಲರಿಗೂ ಟೀಚರಮ್ಮ. ನನಗಿಂತ ಐದಾರು ವರ್ಷಕ್ಕೆ ಚಿಕ್ಕವಳು. ಈ ಸಲ ಮಾಘದಲ್ಲಿ ಅವಳ ಮಗಳ ಮದುವೆ ಗೊತ್ತಾಯಿತು. ಧಾರೆ ಸೀರೆಯಲ್ಲಿ ಬಂದಿದ್ದ ಬ್ಲೌಸ್ ಪೀಸನ್ನು ಪೇಪರಿನಲ್ಲಿ ಸುತ್ತಿಕೊಂಡು ಬಂದಳು. ನಾನು ಕನಕಾಂಬರದ ಡಿಸೈನ್ ತೋರಿಸಿದೆ. ಕತ್ತಿಗೆ ಬರೀ ಎಲೆಬಳ್ಳಿ, ತೋಳಿಗೆ ಅದೇ ಬಳ್ಳಿಯ ತುಂಬ ಹೂವು. ಎಂದಿನ ಮಾತನ್ನೂ ಹೇಳಿದೆ. ಅವಳು ಪರದೆಯನ್ನೇ ಸ್ವಲ್ಪ ಹೊತ್ತು ನೋಡಿ, ಆಗಲಿ ಅಕ್ಕ ಎಂದಳು.

ಮದುವೆಗೆ ಇನ್ನು ಒಂಬತ್ತು ದಿನ. ಕತ್ತಿನ ಕೆಲಸ ಮುಗಿದಿತ್ತು. ಊಟ ಮುಗಿಸಿ ಬಂದು ತೋಳಿನ ಫೈಲನ್ನು ಪೆನ್‌ಡ್ರೈವಿಗೆ ಹಾಕಬೇಕು, ಅಷ್ಟರಲ್ಲಿ ಕರೆಂಟ್ ಹೋಯಿತು. ಹೋದದ್ದು ಬಂತು, ಬಂದದ್ದು ಹೋಯಿತು, ಮೂರನೇ ಸಲ ಬಂದಾಗ ಟ್ಯೂಬ್‌ಲೈಟ್ ಕಣ್ಣು ಕುಕ್ಕುವಷ್ಟು ಬೆಳಗಿತು. ಯುಪಿಎಸ್ ಬ್ಯಾಟರಿ ಸತ್ತು ಯಾವ ಕಾಲವಾಗಿತ್ತೋ. ಕಂಪ್ಯೂಟರ್ ಆನ್ ಮಾಡಿದರೆ ಕಪ್ಪು ಪರದೆ, ಡಿಸ್ಕ್ ಸಿಗುತ್ತಿಲ್ಲ ಎಂದು ಒಂದು ಸಾಲು. ಆರಿಸಿದೆ, ಹಾಕಿದೆ, ತಟ್ಟಿದೆ, ಬೈದೆ. ಅದೇ ಸಾಲು.

ಹನ್ನೆರಡು ವರ್ಷದ ಡಿಸೈನೆಲ್ಲ ಅದರಲ್ಲೇ ಇತ್ತು. ಹೋದ ವರ್ಷ ಕಂಪ್ಯೂಟರ್ ತೆವಳುತ್ತಿದೆ ಎಂದು ಹಳೆಯ ಹಾರ್ಡ್ ಡಿಸ್ಕ್ ತೆಗೆಸಿ ಗುಜರಿಗೆ ಹಾಕಿ, ಎಸ್‌ಎಸ್‌ಡಿ ಎಂಬ ಹೊಸ ಥರದ ಡ್ರೈವ್ ಹಾಕಿಸಿದ್ದೆ. ಹಾಕಿದವನು ಇನ್ನೊಂದು ಕಡೆ ಕಾಪಿ ಇಟ್ಟುಕೊಳ್ಳಿ ಎಂದು ಹೇಳಿಯೂ ಇದ್ದ. ನಾಳೆ ನಾಳೆ ಎಂದೇ ವರ್ಷ ಕಳೆದಿದ್ದೆ. ಅದೆಲ್ಲ ಹಾಳಾಗಲಿ, ಧಾರೆ ಬ್ಲೌಸಿಗೆ ತೋಳಿಲ್ಲ. ಆ ಸೀರೆಗೆ ಇನ್ನೊಂದು ಬ್ಲೌಸ್ ಪೀಸೂ ಇಲ್ಲ. ಟೀಚರಮ್ಮನಿಗೆ ಫೋನ್ ಮಾಡಿ ಇದ್ದದ್ದನ್ನು ಹೇಳಿದೆ. ಅವಳು ಬೈಯುತ್ತಾಳೆ ಎಂದು ಕಾದರೆ, ಕೋಲಾರದಲ್ಲಿ ಸತ್ತ ಡ್ರೈವಿನಿಂದ ಫೈಲ್ ತೆಗೆಯುವ ಒಬ್ಬರಿದ್ದಾರೆ, ನಮ್ಮ ಅಂಗನವಾಡಿ ಆಫೀಸಿನ ಕಂಪ್ಯೂಟರನ್ನೂ ಅವರೇ ಸರಿಮಾಡಿದ್ದು, ನಾಳೆ ನಾನೂ ಬರುತ್ತೇನೆ ಎಂದಳು. ಮಗಳ ತೋಳಿನ ವಿಷಯ, ಮನೆಯಲ್ಲಿ ಕೂತರೆ ಅವಳಿಗೆ ಸಮಾಧಾನ ಎಲ್ಲಿಂದ ಬರಬೇಕು?

ಮಾರನೇ ದಿನ ಕೋಲಾರಕ್ಕೆ ಹೋದೆವು; ಎಲ್ಲರೂ ಭಾಯಿ ಎಂದು ಕರೆಯುವ ಆ ರಿಪೇರಿಯವರಿಗೆ ನಲವತ್ತರ ಮೇಲಾಗಿರಬಹುದು. ಅವರ ತಂದೆ ವಾಚ್ ರಿಪೇರಿ ಮಾಡುತ್ತಿದ್ದ ಅಂಗಡಿಯಲ್ಲೇ ಇವರು ಕಂಪ್ಯೂಟರ್ ರಿಪೇರಿ ಇಟ್ಟಿದ್ದಾರೆ. ತಂದೆ ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಭೂತಗನ್ನಡಿಯನ್ನೇ ಸಿಕ್ಕಿಸಿಕೊಂಡು ಡ್ರೈವನ್ನು ಬಿಚ್ಚಿದರು. ಬಿಸ್ಕತ್ತಿನಷ್ಟು ದಪ್ಪದ ಡಬ್ಬಿ, ಒಳಗೆ ಒಂದು ಸಣ್ಣ ಹಸಿರು ಹಲಗೆ, ಅದರ ಮೇಲೆ ನಾಲ್ಕು ಕಪ್ಪು ಚಿಪ್, ಫೈಲೆಲ್ಲ ಇರುವುದು ಅವುಗಳಲ್ಲೇ ಅಂತೆ. ನನ್ನ ಹನ್ನೆರಡು ವರ್ಷ ಇಷ್ಟೇನಾ ಎನಿಸಿತು. ಚಿಪ್‌ಗಳು ಸುಟ್ಟಿದ್ದರೆ ದೇವರೇ ಗತಿ, ಸುಡದಿದ್ದರೆ ದಾರಿ ಇದೆ ಎಂದರು ಭಾಯಿ. ಹಲಗೆಯ ಮೇಲೆ ಸ್ಪಿರಿಟ್ ಸವರಿ ಸ್ವಲ್ಪವೇ ಕರೆಂಟ್ ಕೊಟ್ಟರು. ಶಾರ್ಟ್ ಆದ ಭಾಗ ಬಿಸಿಯಾಗುತ್ತದಂತೆ, ಅಲ್ಲಿ ಸ್ಪಿರಿಟ್ ಮೊದಲು ಆರುತ್ತದಂತೆ. ಮೂರು ಜನವೂ ತಲೆಗೆ ತಲೆ ತಾಗುವ ಹಾಗೆ ಬಗ್ಗಿ ನೋಡಿದೆವು. ಮೂಲೆಯಲ್ಲಿ ಎಳ್ಳಿನಷ್ಟಿದ್ದ ಒಂದು ಚೂರಿನ ಸುತ್ತ ತಟ್ಟನೆ ಒಣಗಿತು. ಟೀಚರಮ್ಮನೇ ಮೊದಲು ಬೆರಳು ತೋರಿಸಿದಳು.

ಭಾಯಿ ಆ ಎಳ್ಳನ್ನು ಬಿಸಿಗಾಳಿ ಬಿಟ್ಟು ಚಿಮಟದಲ್ಲಿ ಎತ್ತಿ ಹಾಕಿದರು. ಅದಿಲ್ಲದೆಯೂ ಡ್ರೈವ್ ಸ್ವಲ್ಪ ಕಾಲ ನಡೆಯುತ್ತದೆ, ಎಷ್ಟು ಹೊತ್ತು ಎಂದು ಕೇಳಬೇಡಿ ಎನ್ನುತ್ತಾ ತಮ್ಮ ಕಂಪ್ಯೂಟರಿಗೆ ಜೋಡಿಸಿದರು. ಪರದೆಯಲ್ಲಿ ನನ್ನ ಅಂಗಡಿಯ ಹೆಸರಿನ ಫೋಲ್ಡರ್ ಕಂಡಾಗ ನಾನು ಟೀಚರಮ್ಮನ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಎಲ್ಲವನ್ನೂ ಹೊಸ ಡ್ರೈವಿಗೆ ನಕಲು ಮಾಡಲು ಒಂದು ಗಂಟೆಯ ಮೇಲೆ ಹಿಡಿಯಿತು. ಆ ಹೊತ್ತಿಗೆ ನಾನು ಇಬ್ಬರಿಗೂ ಟೀ ತರಿಸಿ, ಬನ್ ತರಿಸಿ, ಭಾಯಿಯ ತಂದೆಯ ಗುಣಗಾನವನ್ನೂ ಮಾಡಿ ಮುಗಿಸಿದ್ದೆ. ಅಷ್ಟು ಖುಷಿಯಾಗಿದ್ದೆ.

ನಕಲು ಮುಗಿದ ಮೇಲೆ ಫೈಲುಗಳು ಕೆಟ್ಟಿಲ್ಲವೇ ಎಂದು ನೋಡಲು ಭಾಯಿ ಚಿತ್ರಗಳನ್ನೆಲ್ಲ ಒಟ್ಟಿಗೆ ತೆರೆದರು. ಪ್ರತಿ ಡಿಸೈನಿನ ಜೊತೆ ನಾನು ಒಂದು ಚಿತ್ರವನ್ನೂ ಇಟ್ಟಿರುತ್ತೇನೆ. ಪರದೆಯ ತುಂಬ ಸಾಲುಸಾಲಾಗಿ ಬಳ್ಳಿಗಳು ಬಂದು ಕೂತವು. ಭಾಯಿ ಹುಬ್ಬು ಗಂಟಿಕ್ಕಿದರು.

"ಅಕ್ಕಾ, ರಿಕವರಿಯಲ್ಲಿ ಏನೋ ತಪ್ಪಾಗಿದೆ ಅನ್ಸುತ್ತೆ. ಒಂದೇ ಡಿಸೈನು ಬೇರೆ ಬೇರೆ ಹೆಸರಲ್ಲಿ ಬರ್ತಾ ಇದೆ. ಇಲ್ನೋಡಿ, ಈ ಕನಕಾಂಬರ ಐದು ಸಲ ಇದೆ."

ಪಾಪ, ಅವರಿಗೇನು ಗೊತ್ತು. ತಮ್ಮ ಕೆಲಸದಲ್ಲೇ ದೋಷ ಎಂದುಕೊಂಡು ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದಿದರು. ಕೋಲಾರದ ಒಬ್ಬಳು, ಶ್ರೀನಿವಾಸಪುರದ ಇಬ್ಬರು, ಮುಳಬಾಗಿಲಿನಲ್ಲೇ ಟೀಚರಮ್ಮನ ಚಿಕ್ಕಮ್ಮನ ಸೊಸೆ. ಐದನೆಯದು ಟೀಚರಮ್ಮನ ಮಗಳ ಹೆಸರು. ಮೆಟ್ಟಿಲಿನಿಂದ ಗಿರಾಕಿಗಳನ್ನು ಓಡಿಸುತ್ತಿದ್ದ ನನಗೆ ಆ ಸ್ಟೂಲಿನ ಕೆಳಗೆ ನುಸುಳಿಬಿಡೋಣ ಎನಿಸಿತು. ತಪ್ಪು ರಿಕವರಿಯದ್ದಲ್ಲ, ನನ್ನದೇ ಎಂದಷ್ಟೇ ಹೇಳಿದೆ. ಭಾಯಿ ಒಮ್ಮೆ ನನ್ನನ್ನು, ಒಮ್ಮೆ ಟೀಚರಮ್ಮನನ್ನು ನೋಡಿ, ಹೊಸ ಡ್ರೈವನ್ನು ಕವರಿಗೆ ಹಾಕಿಕೊಟ್ಟರು.

ಮುಳಬಾಗಿಲಿನ ಬಸ್ಸಿನಲ್ಲಿ ಪಕ್ಕಪಕ್ಕದಲ್ಲೇ ಕೂತೆವು. ತೋಳಿನ ಫೈಲು ನನ್ನ ಮಡಿಲಲ್ಲೇ ಇತ್ತು. ಅದನ್ನು ಹೊಲಿಯುವ ಮುಖ ಮಾತ್ರ ನನಗಿರಲಿಲ್ಲ. ಕೊನೆಗೆ ನಾನೇ, ಬೈದುಬಿಡು ಟೀಚರಮ್ಮ, ಹೀಗೆ ಸುಮ್ಮನೆ ಕೂರಬೇಡ ಎಂದೆ. ಅವಳು ನಕ್ಕಳು. ಆರು ವರ್ಷದ ಹಿಂದೆಯೇ ಶ್ರೀನಿವಾಸಪುರದ ಒಂದು ಮದುವೆಯಲ್ಲಿ ತನ್ನ ಬ್ಲೌಸಿನ ಬಳ್ಳಿಯನ್ನೇ ಇನ್ನೊಬ್ಬಳ ಬೆನ್ನ ಮೇಲೆ ನೋಡಿದ್ದಳಂತೆ. ಮತ್ತೆ ನನ್ನ ಹತ್ತಿರವೇ ಯಾಕೆ ಬರುತ್ತಿದ್ದೆ ಎಂದು ಕೇಳಿದೆ.

"ನಾವು ನಾಲ್ಕು ಜನ ಹೆಣ್ಮಕ್ಳು ಅಕ್ಕ. ಯುಗಾದಿಗೆ ನಮ್ಮಪ್ಪ ಒಂದೇ ತಾನಿನ ಬಟ್ಟೆ ತಂದು ನಾಲ್ಕು ಜನಕ್ಕೂ ಲಂಗ ಹೊಲಿಸೋರು. ಅತ್ತೆ ಮನೇಲಿ ಓರಗಿತ್ತೀರಿಗೆಲ್ಲ ಒಂದೇ ಥರ ಸೀರೆ. ಇದು ನಿಂಗೆ ಅಂತ ನಂಗೆ ಹೇಳಿದ್ದು ನೀನೊಬ್ಳೇ. ಸುಳ್ಳು ಅಂತ ಗೊತ್ತಿತ್ತು. ಆದ್ರೂ ಕೇಳೋಕೆ ಬರ್ತಿದ್ದೆ."

ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿದಳು. ನನಗೆ ಅಳು ಬಂತು. ಬಂದದ್ದನ್ನು ತಡೆಯಲೂ ಇಲ್ಲ, ಸೆರಗಿನಲ್ಲಿ ಮೂಗು ಒರೆಸಿಕೊಂಡು ಕೂತೆ. ಇಳಿಯುವ ಹೊತ್ತಿಗೆ ಅವಳು ನನ್ನ ಮೊಣಕೈ ಹಿಡಿದಳು.

"ನನ್ನದು ಪೋನೀ, ಹೋಗ್ಲಿ ಬಿಡು. ನನ್ನ ಮಗ್ಳಿಗೆ ಮಾತ್ರ ನಿಜವಾಗ್ಲೂ ಒಂದು ಮಾಡ್ಕೊಡಕ್ಕ."

ಅಷ್ಟು ಕಷ್ಟಪಟ್ಟು ಬದುಕಿಸಿ ತಂದ ಕನಕಾಂಬರವನ್ನು ನಾನು ತೆರೆಯಲೇ ಇಲ್ಲ. ಮಾರನೇ ದಿನ ಬೆಳಿಗ್ಗೆ ಟೀಚರಮ್ಮನ ಹಳ್ಳಿಗೆ ಹೋಗಿ, ಅಲ್ಲಿ ಏನು ಕಾಣುತ್ತದೋ ಅದನ್ನೇ ಬಿಡಿಸುತ್ತೇನೆ ಎಂದು ಹಟ ಹಿಡಿದೆ. ಅವಳ ಮನೆಯ ಹಿಂದೆ ರಾಗಿ ಕೊಯ್ದಾದ ಹೊಲದಲ್ಲಿ ಅವರೆ ಸಾಲು ಇನ್ನೂ ಹಸಿರಾಗಿತ್ತು. ತಿಳಿ ನೇರಳೆ ಹೂವು, ಬಾಗಿದ ಕಾಯಿ. ಮದುವೆ ಹುಡುಗಿ ತಾನೇ ಎರಡು ಗೊಂಚಲು ಕಿತ್ತುಕೊಟ್ಟಳು. ತೋಳಿಗೆ ಅವರೆಕಾಯಿ ಹಾಕುತ್ತೀಯಾ, ಬೀಗರು ನಗುವುದಿಲ್ಲವಾ ಎಂದು ಟೀಚರಮ್ಮ ಗಾಬರಿಯಾದಳು. ನಕ್ಕರೆ ಹುಳಿಸಾರು ಮಾಡಿ ಬಡಿಸು ಎಂದೆ. ಹುಡುಗಿಗೆ ಮಾತ್ರ ಇಷ್ಟವಾಗಿಬಿಟ್ಟಿತು.

ಅಂಗಡಿ ಬಾಗಿಲಿಗೆ ಅರ್ಧ ಷಟರ್ ಎಳೆದು ಮೂರು ಹಗಲು ಕೂತೆ. ಬಂದವರನ್ನೆಲ್ಲ ಆಮೇಲೆ ಬನ್ನಿ ಎಂದು ಗದರಿದೆ. ನೇರಳೆಗೆ ಎರಡು ಬಣ್ಣದ ದಾರ, ಕಾಯಿಗೆ ಹಸಿರು, ಅಂಚಿಗೆ ಸಣ್ಣ ಜರಿ. ಕತ್ತಿನ ಬಳ್ಳಿಯ ಎಲೆ ಯಾವ ಗಿಡದ್ದಾದರೂ ಆಗಬಹುದಿತ್ತು, ಅದೊಂದು ಪುಣ್ಯ. ಆ ಎಲೆಗಳ ನಡುವೆ ಅವರೆ ಹೂವನ್ನು ಕೈಯಲ್ಲೇ ಹೊಲಿದೆ. ಮಿಷನ್ನಿನಿಂದ ಎರಡನೇ ತೋಳು ಹೊರಬಂದಾಗ ಬಾಗಿಲ ಬೆಳಕಿಗೆ ಹಿಡಿದು ನೋಡಿದೆ. ಜಂಬ ಅನ್ನಿ, ಏನಾದರೂ ಅನ್ನಿ, ಹನ್ನೆರಡು ವರ್ಷದಲ್ಲಿ ಅಷ್ಟು ಚೆನ್ನಾದದ್ದು ನನ್ನ ಕೈಯಿಂದ ಬಂದಿರಲಿಲ್ಲ.

ಅದು ಅಷ್ಟು ಚೆನ್ನಾಗಿ ಬಂದದ್ದೇ ತೊಂದರೆ. ನನ್ನ ಬುದ್ಧಿ ನನಗೆ ಗೊತ್ತು. ಫೈಲು ಇದ್ದರೆ ಮುಂದಿನ ತಿಂಗಳು ಮಾಲೂರಿನವಳೊಬ್ಬಳು ಬಂದು ಎದುರು ಕೂತಾಗ ನನ್ನ ನಾಲಿಗೆ ಸುಮ್ಮನಿರುವುದಿಲ್ಲ. ಭಾಯಿಗೆ ಫೋನ್ ಮಾಡಿ, ಈ ಹೊಸ ಡ್ರೈವಿನಿಂದ ಏನನ್ನಾದರೂ ಅಳಿಸಿದರೆ ನೀವು ವಾಪಸ್ ತರಬಲ್ಲಿರಾ ಎಂದು ಕೇಳಿದೆ. ಹಳೆಯ ಹಾರ್ಡ್ ಡಿಸ್ಕಾಗಿದ್ದರೆ ಹುಡುಕಿ ತೆಗೆಯಬಹುದಿತ್ತು, ಎಸ್‌ಎಸ್‌ಡಿ ಹಾಗಲ್ಲ, ಅಳಿಸಿದ ಜಾಗವನ್ನು ಅದೇ ಒರೆಸಿಕೊಂಡುಬಿಡುತ್ತದೆ, ಸತ್ತದ್ದನ್ನಾದರೂ ಎಬ್ಬಿಸಬಹುದು, ಅಳಿಸಿದ್ದನ್ನು ತರಲು ನನ್ನಿಂದಲೂ ಆಗುವುದಿಲ್ಲ, ಹುಷಾರಾಗಿರಿ ಅಕ್ಕ ಎಂದರು. ಒಳ್ಳೆಯದಾಯಿತು ಎಂದು ಫೋನ್ ಇಟ್ಟೆ. ಅವರೆ ಡಿಸೈನನ್ನು ಮೊದಲು ಪೆನ್‌ಡ್ರೈವಿನಿಂದ, ಆಮೇಲೆ ಮಿಷನ್ನಿನಿಂದ, ಕೊನೆಗೆ ಕಂಪ್ಯೂಟರಿನಿಂದಲೂ ತೆಗೆದೆ. ಅದರೊಳಗಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಒತ್ತುವ ಮೊದಲು ಎರಡು ಸಲ ಕೈ ಹಿಂದಕ್ಕೆ ಎಳೆದುಕೊಂಡೆ, ಸುಳ್ಳು ಯಾಕೆ ಹೇಳಲಿ. ಬ್ಲೌಸ್ ಒಯ್ಯಲು ಬಂದ ಟೀಚರಮ್ಮನಿಗೆ ಅಳಿಸಿದ ವಿಷಯ ಹೇಳಿದಾಗ ಅವಳು ತುಂಬ ಹೊತ್ತು ತೋಳಿನ ಮೇಲೆ ಕೈಯಾಡಿಸುತ್ತಾ ನಿಂತಿದ್ದಳು.

ಮದುವೆ ಮಾಲೂರಿನ ಛತ್ರದಲ್ಲಿ. ಹುಡುಗಿ ಧಾರೆಗೆ ಕೈ ಚಾಚಿದಾಗ ತೋಳು ಎಲ್ಲರಿಗೂ ಕಂಡಿತು. ಊಟಕ್ಕೆ ಏಳುವ ಮೊದಲೇ ನಾಲ್ಕೈದು ಹೆಂಗಸರು ನನ್ನನ್ನು ಸುತ್ತಿಕೊಂಡು, ತಮಗೂ ಅಂಥದ್ದೇ ಬೇಕು ಎಂದರು. ಅದು ಈಗ ನನ್ನ ಹತ್ತಿರ ಇಲ್ಲ, ಅಳಿಸಿಬಿಟ್ಟೆ ಎಂದೆ. ಯಾರೂ ನಂಬಲಿಲ್ಲ. ಅವರಲ್ಲೊಬ್ಬಳು ನನ್ನ ಹಳೆಯ ಗಿರಾಕಿ, ನಿನ್ನ ಈ ಮಾತೆಲ್ಲ ನಮಗೆ ಗೊತ್ತಿಲ್ಲವಾ ಎಂದು ನನ್ನ ತೋಳು ತಿವಿದಳು. ಸುತ್ತಲಿದ್ದವರು ನಕ್ಕರು, ನನಗೂ ನಗು ಬಂತು.

ಟೀಚರಮ್ಮ ಅಕ್ಷತೆ ತಟ್ಟೆ ಹಿಡಿದು ಅಲ್ಲೇ ಹಾದುಹೋಗುತ್ತಿದ್ದಳು. ನಿಂತಳು.

"ಅಕ್ಕ ಹೇಳ್ತಿರೋದು ನಿಜ. ಅದು ನನ್ನ ಮಗಳೊಬ್ಳದೇ."

ತಿವಿದವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಟೀಚರಮ್ಮನ ಮಾತನ್ನು ಎಲ್ಲರೂ ನಂಬಿದರು. ಆದರೂ ಅವಳು ಅದೇ ಮಾತನ್ನು ಇನ್ನೊಂದು ಸಲ, ಆಚೆ ಸಾಲಿನಲ್ಲಿ ಕೂತವರಿಗೂ ಕೇಳಿಸುವ ಹಾಗೆ ಹೇಳಿದಳು.