ಉದ್ದನೆಯ ಸ್ಕ್ರೂ

ಹೊಲಿಗೆ ಮಿಷನ್ ರಿಪೇರಿಯವನಿಗೆ ಬೀದಿಯ ದರ್ಜಿಗಳೆಲ್ಲ ಸೇರಿ ಇಟ್ಟ ಹೆಸರು ಅರೆಸುತ್ತು. ಯಾವ ಸ್ಕ್ರೂ ಬಿಗಿದರೂ, ಅದು ಕೂತ ಮೇಲೆ ಇನ್ನೂ ಅರ್ಧ ಸುತ್ತು ತಿರುಗಿಸದೆ ಅವನು ಸ್ಕ್ರೂಡ್ರೈವರ್ ಕೆಳಗಿಡುತ್ತಿರಲಿಲ್ಲ. ಕಾರಣವಿಲ್ಲದೆ ಅಲ್ಲ. ಹೊಲಿಗೆ ಮಿಷನ್ನು ದಿನವಿಡೀ ಗಡಗಡ ನಡುಗುವ ಪ್ರಾಣಿ; ತುಸು ಸಡಿಲ ಬಿಟ್ಟರೂ ಸ್ಕ್ರೂ ಕಳಚಿಕೊಂಡು ಬಟ್ಟೆಯ ಮಡಿಕೆಯಲ್ಲಿ ಸಿಗುತ್ತದೆ. ಅವನು ಯಾರ ಬಳಿಯೂ ಕಲಿತವನಲ್ಲ. ಚಿಕ್ಕಂದಿನಲ್ಲಿ ಸೋದರಮಾವನ ಮಿಷನ್ನು ಬಿಚ್ಚಿ ಹರವಿ, ಬೆನ್ನಿಗೆ ಗುದ್ದು ತಿಂದು, ಮಾವನ ಬೈಗುಳ ಮುಗಿಯುವಷ್ಟರಲ್ಲಿ ಅದನ್ನು ಜೋಡಿಸಿ ಓಡಿಸಿದವನು. ಹಾಗೆ ಕೈಯಿಂದಲೇ ವಿದ್ಯೆ ಹತ್ತಿದವರಿಗೆ ಒಂದು ಸೊಕ್ಕಿರುತ್ತದೆ, ಇರಲೂ ಬೇಕು. ಇವನಿಗೆ ಅದು ಒಂದು ಹಿಡಿ ಹೆಚ್ಚೇ ಇತ್ತು.

ಮನೆಯ ಮುಂದಿನ ಕೋಣೆಯಲ್ಲಿ ಸೊಸೆಯ ಕೆಲಸ. ಕಸೂತಿ ಯಂತ್ರಗಳಿಗೆ ಬೇಕಾದ ಹೂವು, ಬಳ್ಳಿ, ಹಕ್ಕಿಗಳನ್ನು ಲ್ಯಾಪ್‌ಟಾಪಿನಲ್ಲಿ ಬರೆದು ಕೊಡುವುದು ಅವಳ ಕಸುಬು. ಆ ಲ್ಯಾಪ್‌ಟಾಪು ಬರಬರುತ್ತ ಮುದಿ ಎತ್ತಿನಂತಾಗಿತ್ತು. ಒಂದು ಹಕ್ಕಿ ತೆರೆದುಕೊಳ್ಳುವಷ್ಟರಲ್ಲಿ ಅವಳು ಪಾತ್ರೆ ತೊಳೆದು ಬರುತ್ತಿದ್ದಳು. ಕಂಪ್ಯೂಟರ್ ಪಾರ್ಟ್ಸ್ ಅಂಗಡಿ ನಡೆಸುವ ಹೆಂಗಸು ಅದನ್ನು ನೋಡಿ, ಹೊಸದು ಕೊಳ್ಳುವುದೇನೂ ಬೇಡ, ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ, ಇನ್ನೊಂದು ರ‍್ಯಾಮ್ ಕೂರಿಸಿದರೆ ಕುದುರೆಯಾಗುತ್ತದೆ ಎಂದಳು. ಬಿಟ್ಟು ಹೋಗಿ, ನಾನೇ ಹಾಕಿ ಕೊಡುತ್ತೇನೆ ಎಂದೂ ಹೇಳಿದಳು.

ಅರೆಸುತ್ತು ಒಪ್ಪಲಿಲ್ಲ. "ಪಾರ್ಟು ಮಾತ್ರ ತಗೊಂಡು ಬಾ. ಮನೇಲಿ ನಾನು ಇದ್ದೂ ಬೇರೆಯವರ ಕೈಗೆ ಕೊಡೋದಾ? ನಾಲ್ಕು ಜನ ಕೇಳಿದ್ರೆ ಏನಂತಾರೆ?"

"ಮಾವ, ಅದು ತುಂಬಾ ನಾಜೂಕಂತೆ."

"ನಾಜೂಕು ಅಂದ್ರೇನು ಅಂತ ಬಟ್ಟೆ ತಳ್ಳೋ ಹಲ್ಲಿಗೆ ಕೂದಲೆಳೆ ಲೆಕ್ಕದಲ್ಲಿ ಸೂಜಿ ಹೊಂದಿಸೋನಿಗೆ ಹೇಳ್ತೀಯಾ?"

ಸೊಸೆ ಹೋಗಿ ಪಾರ್ಟುಗಳನ್ನು ತಂದಳು.

ಬಿಚ್ಚುವುದೇನೋ ಚೆನ್ನಾಗಿಯೇ ಬಿಚ್ಚಿದ. ಭೂತಗನ್ನಡಿ ಹಿಡಿದು, ಬ್ಯಾಟರಿಯ ತಂತಿ ಕಳಚಿ, ರ‍್ಯಾಮನ್ನು ಓರೆಯಾಗಿಟ್ಟು ಒತ್ತಿದಾಗ ಅದು ಟಕ್ಕನೆ ಕೂತಿತು. ಎಸ್‌ಎಸ್‌ಡಿಯೂ ತನ್ನ ಜಾಗ ಹಿಡಿಯಿತು. ಆದರೆ ತೆಗೆದ ಸ್ಕ್ರೂಗಳನ್ನೆಲ್ಲ ತನ್ನ ಅಭ್ಯಾಸದಂತೆ ಒಂದೇ ಡಬ್ಬಿಯ ಮುಚ್ಚಳಕ್ಕೆ ಸುರಿದಿದ್ದ. ದಪ್ಪ ಒಂದೇ ಆದರೂ ಕೆಲವು ಗಿಡ್ಡ, ಕೆಲವು ಉದ್ದ. ಅವನ ಲೆಕ್ಕದಲ್ಲಿ ತೂತಿಗೆ ಹೊಂದಿದ್ದೇ ಅದರ ಸ್ಕ್ರೂ. ಗಿಡ್ಡದ್ದು ಹೋಗಬೇಕಾದಲ್ಲಿ ಉದ್ದದ್ದು ಇಳಿಯಿತು. ಕೊನೆಯಲ್ಲಿ ಸ್ವಲ್ಪ ತಡೆಯಿತು. ಕೈ ತನ್ನ ಪಾಡಿಗೆ ತಾನು ಆ ಅರ್ಧ ಸುತ್ತು ಕೊಟ್ಟಿತು. ಒಳಗೆ ಸಣ್ಣಗೆ ಚಟ್ ಎಂದಿತು.

ಅದು ಅವನಿಗೆ ಕೇಳಿಸಿತು. ಕೇಳಿಸದವನಂತೆ ಮುಂದಿನ ಸ್ಕ್ರೂ ಎತ್ತಿಕೊಂಡ.

ಗುಂಡಿ ಒತ್ತಿದರೆ ಬೆಳಕಿಲ್ಲ. ಮತ್ತೆ ಒತ್ತಿದರೂ ಇಲ್ಲ. ಸೊಸೆ ಬಾಗಿಲಲ್ಲಿ ಸೆರಗು ಹಿಡಿದು ನಿಂತಿದ್ದಳು. ಅವನ ಬಾಯಿಂದ ಮಾತು ತಾನಾಗಿ ಜಾರಿತು: "ಪಾರ್ಟೇ ಸರಿಯಿಲ್ಲ ಕಣಮ್ಮ."

ಅವಳು ನಂಬಿದಳು. ಅವನ ಮಾತನ್ನು ಬೀದಿಯೇ ನಂಬುತ್ತಿತ್ತು. ಲ್ಯಾಪ್‌ಟಾಪನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅಂಗಡಿಗೆ ಹೊರಟೇಬಿಟ್ಟಳು. ಬೇಡ ಎನ್ನಲು ಕಾರಣ ಹೇಳಬೇಕಾಗುತ್ತಿತ್ತು. ಹೇಳಲಾಗದೆ ಅವನೂ ಹಿಂದೆ ಹೆಜ್ಜೆ ಹಾಕಿದ.

ಅಂಗಡಿಯಲ್ಲಿ ಫೋಟೋ ಸ್ಟುಡಿಯೋದವನು ಚಾರ್ಜರ್ ಕೊಳ್ಳಲು ನಿಂತಿದ್ದ. ಸೊಸೆ ಯಾರನ್ನೂ ನೋಡಲಿಲ್ಲ.

"ಏನಕ್ಕಾ, ಕೆಟ್ಟ ಮಾಲು ತಂದು ನಮ್ಮ ತಲೆಗೆ ಕಟ್ತೀರಾ? ನಮ್ಮ ಮಾವ ಮುಟ್ಟಿದ್ರೆ ಸತ್ತಿರೋ ಮಿಷನ್ನೂ ಎದ್ದು ಕೂರುತ್ತೆ. ನಿಮ್ಮ ಪಾರ್ಟು ಹಾಕಿದ್ದೇ ತಡ, ಓಡ್ತಿದ್ದದ್ದೂ ಮಲಗ್ತು!"

"ಸಮಾಧಾನ ತಂಗಿ, ನೋಡೋಣ ಕೊಡಿ."

"ನೋಡೋದೇನು? ನಾಲ್ಕು ಜನಕ್ಕೆ ಗೊತ್ತಾಗ್ಲಿ ನಿಮ್ಮ ವ್ಯಾಪಾರ!"

ಸ್ಟುಡಿಯೋದವನು ಕೈಯಲ್ಲಿದ್ದ ಚಾರ್ಜರನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, "ಆಮೇಲೆ ಬರ್ತೀನಿ" ಎಂದು ಜಾರಿಕೊಂಡ. ಅರೆಸುತ್ತು ಕಂಬಕ್ಕೆ ಒರಗಿ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ.

ಅಂಗಡಿಯಾಕೆ ತಳದ ಮುಚ್ಚಳ ಬಿಚ್ಚತೊಡಗಿದಳು. ಒಂದೊಂದು ಸ್ಕ್ರೂ ಹೊರಬಂದಂತೆ ಅವನು ಓರೆಗಣ್ಣಿನಲ್ಲಿ ಅದರ ಉದ್ದ ನೋಡಿದ. ಕೊನೆಗೆ ಆ ಉದ್ದದ ಸ್ಕ್ರೂ ಬಂತು. ಅವಳು ಅದನ್ನು ಬೆಳಕಿಗೆ ಹಿಡಿದಳು, ಒಳಗಿನ ಬೋರ್ಡಿನಲ್ಲಿ ಅದು ಚುಚ್ಚಿದ ಬಿಳಿ ಗುರುತನ್ನು ನೋಡಿದಳು, ಆಮೇಲೆ ಅವನನ್ನು ನೋಡಿದಳು. ಅವಳ ತಾಯಿ ಹೊಲಿದು ಮಕ್ಕಳನ್ನು ಸಾಕಿದ ಮಿಷನ್ನಿಗೆ ವರ್ಷಗಟ್ಟಲೆ ಎಣ್ಣೆ ಬಿಟ್ಟವನು ಅವನೇ.

"ಒಂದೊಂದ್ಸಲ ಬೋರ್ಡು ತಾನಾಗೇ ಹೋಗಿಬಿಡುತ್ತೆ ತಂಗಿ," ಎಂದಳು. "ಹಳೇದಲ್ವಾ. ಯಾರ ತಪ್ಪೂ ಅಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಬೈಸಿಕೊಂಡವಳೇ ಅವನ ತಪ್ಪನ್ನು ಮುಚ್ಚಿಡುತ್ತಿದ್ದಾಳೆ ಎಂದು ಅರಿವಾದಾಗ ಮೈಯೆಲ್ಲ ಹಿಡಿಯಷ್ಟಾಯಿತು.

"ಹಾಗಲ್ಲಮ್ಮ," ಎಂದ. "ಆ ಸ್ಕ್ರೂ ನಾನು ಹಾಕಿದ್ದು. ಅದು ಉದ್ದ. ಚಟ್ ಅಂದಿದ್ದೂ ನನಗೆ ಕೇಳಿಸ್ತು."

ಸೊಸೆ ತಿರುಗಿ ನೋಡಿದಳು. ಅಂಗಡಿಯಾಕೆಯ ಎರಡೂ ಕೈ ಹಿಡಿದುಕೊಂಡು, "ತಪ್ಪಾಯ್ತು ಅಕ್ಕ, ಬಾಯಿಗೆ ಬಂದಿದ್ದೆಲ್ಲಾ ಅಂದ್ಬಿಟ್ಟೆ" ಎಂದು ತಲೆ ತಗ್ಗಿಸಿದಳು. ತನ್ನ ನಾಲಿಗೆ ಮಾಡಿದ್ದಕ್ಕೆ ಮನೆಯ ಹೆಣ್ಣುಮಗಳು ಪರರ ಮುಂದೆ ತಲೆ ತಗ್ಗಿಸಿದ್ದನ್ನು ಅವನು ಕಣ್ಣಾರೆ ನೋಡಬೇಕಾಯಿತು.

ಎಸ್‌ಎಸ್‌ಡಿಗೆ, ರ‍್ಯಾಮಿಗೆ ಏನೂ ಆಗಿರಲಿಲ್ಲ. ಬೋರ್ಡನ್ನು ಬೆಸುಗೆ ಹಾಕುವವರಿಗೆ ಕಳಿಸಬೇಕಿತ್ತು. ಅಲ್ಲಿಯವರೆಗೆ ಕೆಲಸ ನಿಲ್ಲದಿರಲೆಂದು ಅಂಗಡಿಯಾಕೆ ತನ್ನದೇ ಒಂದು ಲ್ಯಾಪ್‌ಟಾಪು ಕೊಟ್ಟು ಕಳಿಸಿದಳು.

ದಾರಿಯಲ್ಲಿ ಸೊಸೆ ಮುಂದೆ, ಅವನು ಹಿಂದೆ. ಬೀದಿಯ ತಿರುವಿನಲ್ಲಿ ಅವಳು ನಿಂತಳು.

"ಹಾಳಾಗಿದ್ದಕ್ಕೆ ನನಗೇನೂ ಬೇಜಾರಿಲ್ಲ ಮಾವ. ಕೈತಪ್ಪು ಯಾರಿಗಿಲ್ಲ? ಆದ್ರೆ ನಾನು ಅಷ್ಟು ಕೂಗಾಡುವಾಗ ಪಕ್ಕದಲ್ಲೇ ಸುಮ್ನೆ ನಿಂತಿದ್ರಲ್ಲ."

ಆಗ ಅವನಿಗೆ ನೆನಪಾಯಿತು: ಸ್ಟುಡಿಯೋದವನು ಬೈಗುಳ ಕೇಳಿ ಹೋಗಿದ್ದ, ನಿಜ ಕೇಳಿರಲಿಲ್ಲ.

"ನೀನು ನಡಿ," ಎಂದವನೇ ಅತ್ತ ತಿರುಗಿದ.

ಸ್ಟುಡಿಯೋದವನು ಫೋಟೋಗಳ ಅಂಚು ಕತ್ತರಿಸುತ್ತ ಕೂತಿದ್ದ. ಅರೆಸುತ್ತು ಕೂರದೆ, ಸುತ್ತುಬಳಸದೆ ಹೇಳಿದ: "ಆಕೆ ಮಾಲು ಚೆನ್ನಾಗೇ ಇತ್ತು. ತಪ್ಪು ಸ್ಕ್ರೂ ಹಾಕಿ ಕೆಡಿಸಿದ್ದು ನಾನು. ಸುಳ್ಳು ಹೇಳಿದ್ದೂ ನಾನು."

ಸ್ಟುಡಿಯೋದವನು ಬಾಯಿ ತೆರೆದು ಕೂತ. ಆಮೇಲೆ ನಕ್ಕುಬಿಟ್ಟ. "ನೀವಾ? ಸ್ಕ್ರೂ ವಿಷಯದಲ್ಲಾ? ಒಳ್ಳೇ ಕಥೆಯಾಯ್ತಲ್ಲ ಯಜಮಾನ್ರೇ!"

"ನಗು. ನಕ್ಕು ಮುಗಿಸು."

"ಅಯ್ಯೋ, ನಾನು ಬರ್ತಾ ದಾರೀಲಿ ನಮ್ಮ ಭಾವನಿಗೂ ಹೇಳ್ಬಿಟ್ನಲ್ಲ, ಆ ಅಂಗಡಿ ಕಡೆ ತಲೆ ಹಾಕ್ಬೇಡ ಅಂತ. ಅವನೋ ಸಿಕ್ಕಿದೋರಿಗೆಲ್ಲಾ ಹೇಳೋ ಜಾತಿ."

ಅರೆಸುತ್ತುವಿನ ಮುಖ ಇನ್ನಷ್ಟು ಇಳಿಯಿತು. ಹೊಸ್ತಿಲ ಬಳಿ ಬಿಟ್ಟಿದ್ದ ಚಪ್ಪಲಿಗೆ ಕಾಲು ತೂರಿಸಿದ.

"ನಿಮ್ಮ ಭಾವನ ಮನೆ ಯಾವ ಬೀದೀಲಿ?" ಎಂದು ಕೇಳಿದ.